ಗಣತಿಯವರ ಸ್ವಂತ ಮನೆ

ಊರಿನಲ್ಲಿ ಹನ್ನೊಂದು ಭಾಷೆಗಳಿವೆ, ದುಡಿಯುವವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಬೆಳಗಿನ ರೈಲು ಹತ್ತಿ ನಗರಕ್ಕೆ ಹೋಗುತ್ತಾರೆ ಎಂದು ಕೇಳದವರಿಗೂ ಹೇಳುವ ಗಣತಿಯವರು, ಪಕ್ಕದ ಮನೆಯವರ ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. “ನಾನು ತಲೆ ಎಣಿಸೋನಪ್ಪಾ, ಮುಖ ನೋಡೋನಲ್ಲ” ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ಆದರೆ ನಿಯಮವೆಂದರೆ ನಿಯಮ. ಮೂರು ಹಗಲು ಬಡಿದರೂ ತೆರೆಯದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ವಾಸವಿಲ್ಲ’ ಎಂದು ಬರೆಯಲೇಬೇಕು. ಈ ಸಲ ಶಿಸ್ತಿನ ಭರದಲ್ಲಿ ತಮ್ಮ ಮನೆಯ ಬಾಗಿಲನ್ನೂ ಮೂರು ಹಗಲು ಬಡಿದು, ಹಾಗೆಯೇ ಬರೆದುಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡು, ಸಂಜೆಯ ರೈಲಿಳಿದು ಬರುವ ಹೆಂಡತಿ ಓದಿ ನಗಬಹುದೆಂದು ಅಲ್ಲೇ ಕಾದು ನಿಂತರು. ಆಕೆ ಓದಿದರು, ನಗಲಿಲ್ಲ. “ಊರಲ್ಲೆಲ್ಲಾ ಇದೊಂದನ್ನ ಸರಿಯಾಗಿ ಬರ್ದಿದೀರಿ, ಅಳಿಸ್ಬೇಡಿ” ಎಂದು ಬೀಗ ತೆಗೆದು ಒಳಗೆ ಹೋದರು.