ಕಾಫಿಗೆ ಕರೆದರೆ ಆನೆ ಬಂತು

ನನ್ನ ದನಿ ಕಟ್ಟಿದಾಗ ಶುಂಠಿ ಕಷಾಯವೇ ಮದ್ದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಕುಶಾಲನಗರದ ಹತ್ತಿರ ಶುಂಠಿ ಬೆಳೆಯುವವರ ಮನೆಯಲ್ಲಿ ಇನ್ನೇನು ತೀರ್ಮಾನವಾದೀತು? ಬೆಳಿಗ್ಗೆ ಶುಂಠಿ, ಸಂಜೆ ಮೆಣಸು ಹಾಕಿದ ಶುಂಠಿ. ನುಂಗುವಾಗ ಏನೋ ಸಿಕ್ಕಿಕೊಂಡಂತಾಗುತ್ತದೆ ಎಂದರೆ ಇನ್ನಷ್ಟು ಶುಂಠಿ. ಕೊನೆಗೆ ಮೈಸೂರಿನ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ, ಚೂರು ತೆಗೆದು ಪರೀಕ್ಷೆ ಮಾಡಿದರು. ಹಿಂದೆ ಎದೆಯಿಂದ ಆಪರೇಷನ್ ಮಾಡಿ ತೆಗೆದಿದ್ದ ಕ್ಯಾನ್ಸರೇ ಈಗ ಧ್ವನಿಪೆಟ್ಟಿಗೆಯಲ್ಲಿ ಬಂದು ಕೂತಿತ್ತು.

"ಅಲ್ಲಿಗೆ ಹೋಗೋದು ತೀರಾ ಅಪರೂಪ," ಎಂದರು ಡಾಕ್ಟರಮ್ಮ.

"ಇವಳ ಬಾಯಿಗೆ ಹೆದರಿ ಯಾರೂ ಆ ಕಡೆ ಸುಳಿಯಲ್ಲ ಮೇಡಂ. ಇದಕ್ಕೆಂಥ ಧೈರ್ಯ ನೋಡಿ," ಎಂದರು ನಮ್ಮ ಮನೆಯವರು. ಅವರ ಕೈ ಮಾತ್ರ ನನ್ನ ಸೆರಗಿನ ತುದಿಯನ್ನು ಬಿಟ್ಟಿರಲಿಲ್ಲ.

"ಕರೆಂಟ್, ಅದೇ ರೇಡಿಯೇಷನ್, ಕೊಡ್ತೀವಿ, ಮಾತ್ರೆ ಕೊಡ್ತೀವಿ. ದನಿ ವಾಪಸ್ ಬರುತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲ. ಅಲ್ಲೀತನಕ ಕೂಗಬಾರದು."

ಕೂಗದೆ ಸಂಸಾರ ಮಾಡುವುದು ಹೇಗೆ? ನಮ್ಮ ಶುಂಠಿ ಹೊಲ ಮನೆಯಿಂದ ಕೆಳಗೆ. ಮೊಬೈಲನ್ನು ಮಂಚದ ಮೇಲೇ ಬಿಟ್ಟು ಹೋಗುವ ಗಂಡ. ಅಂಗಳದಲ್ಲಿ ನಿಂತು "ಕಾಫೀ" ಎಂದು ಕೂಗಿದರೆ ಮಾತ್ರ ಹತ್ತಿ ಬರುವ ಪ್ರಾಣಿ ಅದು. ಕರೆಂಟ್ ಕೊಡಿಸಿಕೊಂಡು ಬಂದ ಹೊಸದರಲ್ಲಿ ಒಂದು ದಿನ ನಾನು ಉಪಾಯ ಮಾಡಿ, ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದೆ. ನಮ್ಮ ಕಡೆ ತಟ್ಟೆ, ಡಬ್ಬ ಬಡಿದರೆ ಆನೆ ಬಂದಿದೆ ಎಂದರ್ಥ. ಕಾಫಿ ಆರುತ್ತದಲ್ಲ ಎಂಬ ಗಡಿಬಿಡಿಯಲ್ಲಿ ಅದು ನನಗೆ ಹೊಳೆಯಲೇ ಇಲ್ಲ.

"ಆನೆ ಬಂತು! ಓಡ್ರಪ್ಪೋ!" ಪಕ್ಕದ ಮನೆಯಾಕೆ ಕಿರುಚಿದಳು. ಅವಳ ಗಂಡ ಪಟಾಕಿ ಹೊಡೆದ. ನಮ್ಮವರು ಪಂಪ್‌ಸೆಟ್ ಮನೆಯ ಮಾಡು ಹತ್ತಿ ಕೂತರು. ಇಲ್ಲ, ಇಲ್ಲ ಎಂದು ನಾನು ಬಾಯಿ ತೆರೆದರೆ ಬರೀ ಗಾಳಿ. ಎರಡೂ ಕೈ ಬೀಸಿದೆ. ಅವರು ಇನ್ನಷ್ಟು ಮೇಲಕ್ಕೆ ಸರಿದರು. ಕೊನೆಗೆ ಲೋಟ ಹಿಡಿದು ನಾನೇ ಕೆಳಗಿಳಿದು ಹೋದೆ.

"ಅಯ್ಯೋ, ನೀನ್ಯಾಕೆ ಬಂದೆ! ಆನೆ ಎಲ್ಲೇ?"

ಬೆರಳಿನಿಂದ ನನ್ನನ್ನೇ ತೋರಿಸಿಕೊಂಡೆ.

"ಇದನ್ನ ಓಡಿಸೋ ಪಟಾಕಿ ಇನ್ನೂ ಬಂದಿಲ್ಲ ಕಣೇ," ಎನ್ನುತ್ತ ಮಾಡಿನ ಮೇಲೇ ಕೂತು ಕಾಫಿ ಕುಡಿದರು. ಇಳಿಯಲು ಮಾತ್ರ ಪಕ್ಕದ ಮನೆಯಿಂದ ಏಣಿ ತರಿಸಬೇಕಾಯಿತು.

ಕಾಯಿಲೆ ಪೂರ್ತಿ ಹೋಗಿಲ್ಲ. ಮಾತ್ರೆ ಅದನ್ನು ಅದುಮಿಟ್ಟಿದೆಯಂತೆ. ಆದರೆ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಲು ಉಕ್ಕಿತು, ನಾನು "ಅಯ್ಯೋ" ಎಂದೆ, ಅದು ನನಗೇ ಕೇಳಿಸಿತು. ಒಡಕು ದನಿ, ಆದರೂ ನನ್ನದೇ. ಡಾಕ್ಟರಮ್ಮ ಬೈದರೆ ಬೈಯಲಿ ಎಂದು ಅಂಗಳಕ್ಕೆ ಹೋಗಿ ಕೂಗಿಯೇಬಿಟ್ಟೆ.

"ರೀ, ಕಾಫೀ!"

ಹೊಲದಲ್ಲಿ ಬಗ್ಗಿದ್ದವರು ನೆಟ್ಟಗಾಗಿ, ಮೊದಲು ಪಂಪ್‌ಸೆಟ್ ಮನೆಯ ಮಾಡಿನತ್ತ ನೋಡಿದರು. ಆಮೇಲೆ ಗುದ್ದಲಿ ಬಿಸಾಡಿ, ಚಪ್ಪಲಿಯನ್ನೂ ಅಲ್ಲೇ ಮರೆತು ಹತ್ತಿ ಬಂದರು.