ಕುಲದ ಬಲ ಬದಲಿಸಿದ ಭಾನುವಾರಗಳು

“ಮೊದ್ಲು ನಿನ್ನ ಕುಲ ಆರಿಸ್ಕೋ ಅಮ್ಮ” ಎಂದಳು ಮಗಳು.

ನಾನು ಭಾನುವಾರದ ರೊಟ್ಟಿ ಬಡಿದು, ಕೈ ತೊಳೆದುಕೊಂಡು ಬಂದು ಆಗಷ್ಟೇ ಚಾಪೆಯ ಮೇಲೆ ಕೂತಿದ್ದೆ. ಕೊಟ್ಟೂರಿನಲ್ಲಿ ಹೆಣ್ಣುಮಕ್ಕಳಿಗೆ ಸೀರೆ ಆರಿಸಿಕೋ ಎನ್ನುತ್ತಾರೆ, ಬಳೆ ಆರಿಸಿಕೋ ಎನ್ನುತ್ತಾರೆ. ಕುಲ ಆರಿಸಿಕೋ ಎಂದು ಯಾರೂ ಅಂದದ್ದನ್ನು ನಾನು ಕೇಳಿರಲಿಲ್ಲ. ಜೋರಾಗಿ ನಕ್ಕುಬಿಟ್ಟೆ. ಮಗಳು ಮಂಚದ ಮೇಲಿಂದ ಗಂಭೀರವಾಗಿಯೇ ನೋಡುತ್ತಿದ್ದಳು.

ಅದು ಹಲಗೆ, ಕಾಯಿ ಯಾವುದೂ ಇಲ್ಲದ ಆಟ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಹೋಗಬೇಕು. ಎದುರಿಗೆ ರಾಕ್ಷಸ ಬಂದ, ಏನು ಮಾಡುತ್ತೀ ಎಂದು ಕಥೆ ನಡೆಸುವವರು ಕೇಳುತ್ತಾರೆ. ಹೊಡೆಯುತ್ತೇನೆ ಎಂದರೆ ಸಾಲದು, ಹೊಡೆತ ಬಿತ್ತೋ ಇಲ್ಲವೋ ಎಂದು ದಾಳ ಹೇಳಬೇಕು. ಅದಕ್ಕೆ ಇಪ್ಪತ್ತು ಮುಖದ ದಾಳ ಬೇಕಂತೆ. ಕೂಡ್ಲಿಗಿಯಲ್ಲೂ ಸಿಗಲಿಲ್ಲ, ಹರಪನಹಳ್ಳಿಯಲ್ಲೂ ಸಿಗಲಿಲ್ಲ. ಚೀಟಿಗಳ ಮೇಲೆ ಅಂಕಿ ಬರೆದು ಸ್ಟೀಲ್ ಲೋಟಕ್ಕೆ ಹಾಕಿಕೊಂಡಿದ್ದರು. ಬಂದ ಅಂಕಿಗೆ ಪಾತ್ರದ ಬಲ ಕೂಡಿಸಬೇಕು. ಮೈಬಲ, ಚುರುಕು, ಬುದ್ಧಿ, ಹೀಗೆ ಬಲದಲ್ಲಿ ಹಲವು ಬಗೆ. ಯಾರಿಗೆ ಯಾವುದು ಹೆಚ್ಚು, ಯಾವುದು ಕಡಿಮೆ ಎನ್ನುವುದನ್ನು ಹುಟ್ಟಿದ ಕುಲ ನಿರ್ಧರಿಸುತ್ತದೆ. ಗುಡ್ಡದ ಕುಳ್ಳರಿಗೆ ಮೈಬಲ ಹೆಚ್ಚು, ಬುದ್ಧಿ ಕಡಿಮೆ. ಕಾಡಿನವರಿಗೆ ಚುರುಕು ಹೆಚ್ಚು, ಮೈಬಲ ಕಡಿಮೆ.

ಮಗಳು ಇದನ್ನು ಫೋನಿನಲ್ಲಿ ನೋಡಿ ಕಲಿತು, ನಿಯಮಗಳನ್ನೆಲ್ಲ ತಾನೇ ಕನ್ನಡಕ್ಕೆ ಇಳಿಸಿದ್ದಳು. ಕಥೆ ನಡೆಸುವವಳೂ ಅವಳೇ. ಮೊದಲು ಆಡುತ್ತಿದ್ದವರು ಅವಳ ಇಬ್ಬರು ಗೆಳತಿಯರು. ಅವರಲ್ಲಿ ಒಬ್ಬಳು ಮದುವೆಯಾಗಿ ಹಡಗಲಿಗೆ ಹೋದಳು. ಇನ್ನೊಬ್ಬಳು ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿರುವ ಸಾಹೇಬರ ಮಗಳು, ನಮ್ಮವಳ ಜೊತೆ ಬಿಕಾಂ ಓದಿದವಳು. ಇಬ್ಬರಿಂದ ಆಟ ಸಾಗದು ಎಂದು ನನ್ನನ್ನು ಎಳೆದು ಕೂರಿಸಿದರು. ಮಗಳು ಕೇಳಿದಳೆಂದರೆ ನಾನು ಆಗ ಬಾವಿಗೂ ಇಳಿಯುತ್ತಿದ್ದೆ.

ಯಾಕೆಂದರೆ ಅವಳ ಕಾಲು ಸೋಲುತ್ತಿತ್ತು. ಪಿಯುಸಿಯಲ್ಲಿರುವಾಗ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿಲ್ಲ ಎಂದಳು. ನಾನು ಬೈದೆ, ಊಟ ಸರಿಯಾಗಿ ಮಾಡುವುದಿಲ್ಲ, ಮೊಬೈಲ್ ಹಿಡಿದು ಕೂರುತ್ತೀ ಎಂದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ; ಶಾಲೆಯ ಮಕ್ಕಳಿಗೆ ಪಾಠ ಹೇಳಿ ಹೇಳಿ ಬಂದ ಗುಣವೆಂದು ನನ್ನ ಗಂಡ ಹೇಳುತ್ತಾರೆ. ಆಮೇಲೆ ಅವಳು ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ, ಮೈಯನ್ನು ತುಂಡು ತುಂಡಾಗಿ ಎತ್ತಿಕೊಳ್ಳುವುದನ್ನು ನೋಡಿದೆ. ಬೈಯುವುದನ್ನು ಅಂದೇ ಬಿಟ್ಟೆ.

ದಾವಣಗೆರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದು ಎಲ್ಲಿಗೋ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು ಮೊದಲು ಕೇಳಿದ್ದು ಕಾಯಿಲೆಯ ವಿಷಯವಲ್ಲ.

“ನಿಮ್ಮದು ಸಂಬಂಧದಲ್ಲೇ ಆದ ಮದುವೆಯೇ?”

“ಹೌದ್ರಿ” ಎಂದರು ನನ್ನ ಗಂಡ, ಬಹಳ ಹೆಮ್ಮೆಯಿಂದ. “ನಮ್ಮ ಅಕ್ಕನ ಮಗಳೇ ಈಕಿ.”

ಹೆಮ್ಮೆ ಪಡದೆ ಇನ್ನೇನು? ನಮ್ಮಲ್ಲಿ ಸೋದರಮಾವನಿಗೆ ಕೊಡುವುದೆಂದರೆ ಹೆಣ್ಣಿಗೆ ಒಳ್ಳೆಯದನ್ನೇ ಮಾಡಿದಂತೆ. ಕಳ್ಳುಬಳ್ಳಿಯ ನೆಂಟು ಕಡಿಯಬಾರದು, ಹೆಣ್ಣು ಕಣ್ಣಳತೆಯಲ್ಲಿರುತ್ತದೆ, ಅತ್ತೆಮನೆಯ ಕಾಟವಿಲ್ಲ. ನನ್ನ ಅವ್ವ ತನ್ನ ತಮ್ಮನಿಗೇ ನನ್ನನ್ನು ಕೊಟ್ಟಳು. ಚಿಕ್ಕವಳಿದ್ದಾಗ ಹಂಪಸಾಗರದಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆಗೆ ಕರೆದೊಯ್ಯುತ್ತಿದ್ದ ಮಾಮನೇ ಗಂಡನಾದ. ಒಪ್ಪಿಗೆಯೇ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ನನಗೂ ಅನ್ನಿಸಿರಲಿಲ್ಲ.

ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಈ ಸ್ನಾಯುವಿನ ದೋಷ ನಮ್ಮಿಬ್ಬರಲ್ಲೂ ಅರ್ಧರ್ಧ ಇತ್ತು, ಅರ್ಧ ಇದ್ದವರಿಗೆ ಏನೂ ಆಗುವುದಿಲ್ಲ, ಎರಡು ಅರ್ಧ ಸೇರಿ ಮಗಳಲ್ಲಿ ಪೂರ್ತಿಯಾಗಿದೆ. ಮದ್ದಿಲ್ಲ. ಮುಂದೆ ಕೈಗೂ ಬರಬಹುದು. ನನ್ನ ಅವ್ವನ ಅಣ್ಣನೊಬ್ಬ ಪಡಸಾಲೆಯಲ್ಲಿ ಕೂತಲ್ಲೇ ಕೂತು ಸತ್ತದ್ದು ಆಗ ನೆನಪಾಯಿತು. ಗಾಳಿ ಸೋಕಿದೆ ಎಂದು ಹೇಳಿಕೊಂಡು ದೇವರಿಗೆ ಕುರಿ ಕೊಟ್ಟು ಸುಮ್ಮನಾಗಿದ್ದರು. ವಾಪಸ್ ಬರುವಾಗ ಬಸ್ಸು ಹರಪನಹಳ್ಳಿ ದಾಟಿತು. ಆಮೇಲೆ ಮಗಳು ಹಸಿವಾಗಿದೆ ಎಂದಳು.

ನನ್ನ ಗಂಡ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಕಾಯಿಲ್ ಬಿಚ್ಚಿ ಹೊಸ ತಂತಿ ಸುತ್ತುವವರು. ಮಗಳದೊಂದು ಬಿಟ್ಟು ಊರಿನ ಎಲ್ಲ ಮೋಟಾರನ್ನೂ ತಿರುಗಿಸುತ್ತೇನೆ ಎಂದು ಒಮ್ಮೆ ಅಂದರು. ಅಂದ ಮೇಲೆ ಊಟ ಬಿಟ್ಟು ಎದ್ದರು.

ಹೀಗಿರುವಾಗ ಆಟ ನನಗೆ ಹಿಡಿಸಿತು. ಗುಡ್ಡದ ಕುಳ್ಳಿಯಾಗಿ ಕೊಡಲಿ ಬೀಸುವುದರಲ್ಲಿ ಸಿಗುವ ಸುಖ ನಲವತ್ತೈದು ದಾಟಿದ ಟೀಚರಿಗೆ ಬೇರೆಲ್ಲೂ ಸಿಗುವುದಿಲ್ಲ. ಒಂದು ಭಾನುವಾರ ಗ್ಯಾರೇಜಿನವರ ಹುಡುಗಿ ತಕರಾರು ತೆಗೆದಳು. ಅವಳಿಗೂ ಕುಳ್ಳಿಯೇ ಆಗಬೇಕಿತ್ತು, ಆದರೆ ಮಂತ್ರ ಕಲಿತ ಕುಳ್ಳಿ. ಬುದ್ಧಿ ಕಡಿಮೆ ಇರುವ ಕುಲಕ್ಕೆ ಮಂತ್ರ ಹತ್ತುವುದಿಲ್ಲ ಎನ್ನುವುದು ನಿಯಮ.

“ಇದ್ಯಾವ ನ್ಯಾಯರಿ ಆಂಟಿ?” ಎಂದು ನನ್ನ ಕಡೆ ತಿರುಗಿದಳು. “ಹುಟ್ಟಿದ ಮನಿ ನೋಡಿ ದಡ್ಡಿ ಅಂತ ಬರದುಬಿಡದಾ? ನಮ್ಮ ಅಬ್ಬಾ ಗ್ಯಾರೇಜಿನ್ಯಾಗ ಅದಾನ ಅಂತ ನಂಗ ಲೆಕ್ಕ ಬರಬಾರ್ದಿತ್ತೇನು?”

ಮಗಳು ಚೀಟಿಯ ಲೋಟ ಕೆಳಗಿಟ್ಟಳು. ಆಟಕ್ಕೆ ಕೂತವರೆಲ್ಲ ಒಪ್ಪಿದರೆ ನಿಯಮ ಬದಲಿಸಬಹುದು, ಒಬ್ಬರು ಒಲ್ಲೆ ಎಂದರೂ ಇಲ್ಲ ಎಂದಳು. ಮೂವರೂ ಒಪ್ಪಿದೆವು. ಅಂದಿನಿಂದ ಕುಲಕ್ಕೆ ಸಿಗುವ ಹೆಚ್ಚಿನ ಬಲವನ್ನು ಯಾರು ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಹೇಗೆ ಬೆಳೆದೆ, ಏನು ಕಲಿತೆ ಎಂದು ಒಂದು ಕಥೆ ಹೇಳಿದರೆ ಸಾಕು. ಮುಂದಿನ ವಾರ ನಾನು ಇನ್ನೂ ಮುಂದೆ ಹೋಗಿ, ಕಡಿಮೆ ಎನ್ನುವುದನ್ನೇ ಕಿತ್ತುಹಾಕೋಣ ಎಂದೆ. ಹುಟ್ಟಿನಿಂದ ಯಾರಿಗೂ ಯಾವುದೂ ಕಡಿಮೆ ಇಲ್ಲ. ಅದೂ ಪಾಸಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಅಂದು ಮಿರ್ಚಿ ಕರಿದು ಮಂಡಕ್ಕಿ ಒಗ್ಗರಣೆ ಹಾಕಿದೆ.

ಆದರೆ ಕಥೆಯಲ್ಲಿ ನಮಗೆ ದಾರಿ ತೋರಿಸಲು ಮಗಳು ಒಬ್ಬ ಹುಡುಗಿಯನ್ನು ಇಟ್ಟಿದ್ದಳು. ಆ ಹುಡುಗಿ ಕಲ್ಲಿನ ಕುಲದವಳು. ಆ ಕುಲದಲ್ಲಿ ಹುಟ್ಟಿದವರ ಕಾಲು ವರ್ಷದಿಂದ ವರ್ಷಕ್ಕೆ ಕಲ್ಲಾಗುತ್ತಾ ಹೋಗುತ್ತದೆ. ಅವಳಿಗಾಗಿ ನಾವು ಪ್ರತಿ ತಿರುವಿನಲ್ಲೂ ಕಾಯಬೇಕಾಗುತ್ತಿತ್ತು, ಅವಳನ್ನು ಕಾಯುತ್ತಾ ಎಷ್ಟೋ ಸಲ ಶತ್ರುಗಳ ಕೈಗೆ ಸಿಕ್ಕಿಬಿದ್ದೆವು. ಹೊಸ ನಿಯಮ ಅವಳಿಗೂ ಅನ್ವಯಿಸಬೇಕಲ್ಲ ಎಂದು ನಾನು ಹಟ ಹಿಡಿದೆ. ಗೆಳತಿಯೂ ಹೌದು ಎಂದಳು.

“ಒಲ್ಲೆ” ಎಂದಳು ಮಗಳು.

“ಯಾಕ? ನಮ್ಮದೆಲ್ಲ ಬದಲಿ ಮಾಡ್ದಿ, ಆಕಿದ್ಯಾಕ ಬ್ಯಾಡ?”

“ಅದನ್ನ ತಗದ್ರ ಆಕಿ ಆಕೀನ ಇರಂಗಿಲ್ಲಮ್ಮ. ಬ್ಯಾರೆ ಯಾರೋ ಆಗ್ತಾಳ.”

ನನಗೆ ರೇಗಿತು. ಆಟದಲ್ಲಾದರೂ ಓಡಿಸೇ ಎಂದು ಕೂಗಬೇಕೆನ್ನಿಸಿತು. ಗೆಳತಿ ನನ್ನ ಮೊಣಕೈ ಹಿಡಿದಳು, ಲೋಟದಿಂದ ಚೀಟಿ ಎತ್ತಿದೆ. ಕಲ್ಲಿನ ಹುಡುಗಿ ಕುಂಟುತ್ತಲೇ ನಮ್ಮ ಜೊತೆ ಬಂದಳು.

ಮಾಗಿಯ ಚಳಿ ಮುಗಿಯುತ್ತಿದ್ದಾಗ ಒಂದು ದಿನ ಅವ್ವ ಹಂಪಸಾಗರದಿಂದ ಬಂದಳು. ಜೊತೆಗೆ ನನ್ನ ತಮ್ಮನೂ ಬಂದಿದ್ದ. ಮೂವತ್ತೈದು ದಾಟಿದವನು, ಗೂಡ್ಸ್ ಆಟೋ ಓಡಿಸುತ್ತಾನೆ. ಎಷ್ಟು ಕಡೆ ಹುಡುಕಿದರೂ ಹೆಣ್ಣು ಸಿಕ್ಕಿರಲಿಲ್ಲ. ಒಳ್ಳೆಯವನು, ಮಾತು ಕಡಿಮೆ, ಬರುವಾಗಲೆಲ್ಲ ಸೋದರಸೊಸೆಗೆ ಪೇರಲಹಣ್ಣು ತರುತ್ತಾನೆ. ಅವ್ವ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ಹೇಳಿದಳು.

“ಹುಡುಗೀನ ನಮ್ಮವಂಗ ಕೊಟ್ಟುಬಿಡ್ರಿ. ಇಂಥಾಕಿನ್ನ ಹೊರಗಿನವ್ರು ಯಾರು ಮಾಡ್ಕೊಂತಾರ? ನಾಳೆ ನಿಮಗ ಕೈಕಾಲು ಬಿದ್ರ ಈಕಿನ್ನ ಎತ್ತವ್ರು ಯಾರು? ಸೋದರಮಾವ ಅದಾನ, ನೋಡ್ಕೊಂತಾನ.”

ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಅದೇ ನನ್ನ ಎದೆಗೆ ಬಂದು ಕೂತದ್ದು. ಯಾವ ಗಂಟಿನಿಂದ ನಾವು ಹಾಳಾದೆವೋ ಅದನ್ನೇ ಇನ್ನೊಂದು ಸುತ್ತು ಬಿಗಿಯಲು ಅವ್ವ ಪ್ರೀತಿಯಿಂದಲೇ ಬಂದಿದ್ದಳು. ಸಂಬಂಧದೊಳಗೆ ಮತ್ತೆ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದನ್ನು ನಾನು ಅವಳಿಗೆ ಎಷ್ಟೋ ಸಲ ಹೇಳಿದ್ದೆ. ಡಾಕ್ಟರಿಗೇನು ಗೊತ್ತು, ಊರತುಂಬ ಅಕ್ಕನ ಮಕ್ಕಳನ್ನೇ ಮಾಡಿಕೊಂಡಿದ್ದಾರೆ, ಎಲ್ಲರೂ ಕುಂಟುತ್ತಾರೇನು ಎನ್ನುವುದು ಅವಳ ವಾದ.

ಬೇಡ ಎಂದು ನಾನು ಅಲ್ಲೇ ಹೇಳಬೇಕಿತ್ತು. ಆದರೆ ನಾವು ಸತ್ತ ಮೇಲೆ ಅವಳನ್ನು ಮಂಚದಿಂದ ಯಾರು ಇಳಿಸುತ್ತಾರೆ ಎನ್ನುವ ಭಯ ನನ್ನನ್ನು ಹಗಲೂ ಇರುಳೂ ತಿನ್ನುತ್ತಿತ್ತು. ತಮ್ಮ ಒಳ್ಳೆಯವನಲ್ಲವೇ ಎಂದು ಒಂದು ಗಳಿಗೆ ನಾನೂ ಲೆಕ್ಕ ಹಾಕಿದೆ. ನನ್ನ ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಒಳಕೋಣೆಯಿಂದ ಮಗಳು ಗೋಡೆ ಹಿಡಿದುಕೊಂಡು ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕುರ್ಚಿಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು.

“ಆಗ್ಲಿ ಅಜ್ಜಿ” ಎಂದಳು. “ಮಾಮ ಛಲೋನು. ಮಾಮಾಗ ಒಪ್ಪಿಗಿ ಇದ್ರ ನಂಗೂ ಒಪ್ಪಿಗಿ. ಆದ್ರ ಮಕ್ಕಳು ಬ್ಯಾಡ. ನನ್ನ ಹೊಟ್ಯಾಗ ಇನ್ನೊಬ್ರು ಹಿಂಗ ಹುಟ್ಟೋದು ನಂಗ ಬ್ಯಾಡ. ಇದೊಂದು ಬದಲಿ ಮಾಡ್ಕೊಳ್ರಿ, ಉಳಿದದ್ದೆಲ್ಲ ನಿಮ್ಮ ಪದ್ಧತಿ ಹೆಂಗೈತೋ ಹಂಗ.”

ಅವ್ವ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

“ಮಕ್ಕಳು ಬ್ಯಾಡ ಅಂದಮ್ಯಾಲೆ ಮದುವಿ ಯಾತಕ್ಕ?” ಎಂದಳು. “ಅವಂದೂ ಒಂದು ಕುಡಿ ಬೆಳೀಬೇಕಲ್ಲ. ಬರೇ ನಿನ್ನ ಎತ್ತಿ ಇಳಿಸಾಕ ಅವ್ನು ಹೆಂಡ್ತಿ ಮಾಡ್ಕೋಬೇಕಾ?”

ಮಗಳು ನನ್ನ ತಮ್ಮನ ಕಡೆ ನೋಡಿದಳು. ಅವನ ಮುಖ ಕೆಂಪಾಗಿತ್ತು. ಒಂದು ಮಾತು ಹೇಳುತ್ತಾನೆ ಎಂದು ನಾನು ಕಾದೆ. ಅವನು ಎದ್ದು, ನಾಕು ಗಂಟೆಯ ಬಸ್ಸು ತಪ್ಪುತ್ತದೆ ಎಂದು ಅವ್ವನಿಗೆ ಹೇಳಿದ. ಅಂದು ತಂದಿದ್ದ ಹಣ್ಣಿನ ಚೀಲವನ್ನು ಮಗಳ ಪಕ್ಕದಲ್ಲಿಟ್ಟು, ತಲೆ ಎತ್ತದೆ ಚಪ್ಪಲಿ ಮೆಟ್ಟಿಕೊಂಡ. ನನ್ನ ಗಂಡ ಅವರನ್ನು ಬಸ್ಸಿಗೆ ಬಿಡಲು ಹೋದರು.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ನನಗೆ ಅವ್ವನ ಮೇಲೆ, ತಮ್ಮನ ಮೇಲೆ, ಮದುವೆಯ ದಿನ ನನಗೆ ಬಾಸಿಂಗ ಕಟ್ಟಿದವರೆಲ್ಲರ ಮೇಲೆ ಸಿಟ್ಟು. ತಟ್ಟೆ ತೊಳೆಯುತ್ತಾ ಗೊಣಗುತ್ತಿದ್ದೆ. ಮಗಳು ಕೂತಲ್ಲಿಂದಲೇ ಕೇಳಿದಳು.

“ಅಮ್ಮ, ಅವತ್ತು ನಿನ್ನ ಕೇಳಿದ್ರ ನೀ ಏನಂತಿದ್ದಿ? ಅಪ್ಪನ್ನ ಮಾಡ್ಕೊಂತಿ ಏನು ಅಂತ ಕೇಳಿದ್ರ?”

“ಒಲ್ಲೆ ಅಂತಿದ್ದೆ!” ಎಂದೆ, ಯೋಚಿಸದೆ, ಗಟ್ಟಿಯಾಗಿ. ಅವಳ ಪರವಾಗಿಯೇ ಮಾತಾಡುತ್ತಿದ್ದೇನೆ ಎಂದು ನಾನು ತಿಳಿದಿದ್ದೆ. “ಸತ್ತರೂ ಒಲ್ಲೆ ಅಂತಿದ್ದೆ.”

“ಹಂಗಾದ್ರ ನಾನು ಇರ್ತಿದ್ದಿಲ್ಲ” ಎಂದಳು.

ನಾನು ತಿರುಗಿ ನೋಡಿದೆ. ಅವಳ ಮುಖದಲ್ಲಿ ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ಬಹಳ ದಿನದಿಂದ ತನ್ನಷ್ಟಕ್ಕೆ ಯೋಚಿಸಿ ಮುಗಿಸಿದ್ದನ್ನು ಹೇಳುವಂತೆ ಹೇಳಿದಳು.

“ಛಲೋ ಆಗ್ತಿತ್ತು ಅಲ್ಲ?”

ಇಲ್ಲ ಎನ್ನಬೇಕಿತ್ತು. ಓಡಿಹೋಗಿ ಅವಳ ಬಾಯಿ ಮುಚ್ಚಿ, ಇಲ್ಲ, ಇಲ್ಲ, ನೀನು ಬೇಕಿತ್ತು, ಹೀಗೇ ಬೇಕಿತ್ತು ಎನ್ನಬೇಕಿತ್ತು. ಆದರೆ ಬೆಳಗ್ಗೆ ಅವಳು ಬಚ್ಚಲಲ್ಲಿ ಬಿದ್ದು, ನನ್ನನ್ನು ಕೂಗಲು ನಾಚಿ, ತಣ್ಣೀರಿನಲ್ಲಿ ಕೂತೇ ಇದ್ದದ್ದು ನನ್ನ ಕಣ್ಣಮುಂದಿತ್ತು. ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು. ನಾನು ನಲ್ಲಿ ತಿರುಗಿಸಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.