ನೋಯದ ಕೈ

ಕೆರಿಯ ನಾಯ್ಕ ಸತ್ತು ಮೊನ್ನೆಗೆ ನಾಲ್ಕು ತಿಂಗಳಾಯಿತು. ಮೀನಿನ ಮುಳ್ಳಿನ ನಂಜೇರಿ ಸತ್ತ ಎಂದು ಊರಲ್ಲಿ ಕೆಲವರು ಹೇಳುತ್ತಾರೆ. ಕೆರೆಯ ಭೂತಪ್ಪ ಮುನಿದ ಎಂದು ಇನ್ನು ಕೆಲವರು. ಎರಡೂ ಪೂರ್ತಿ ನಿಜವಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಬೇಕಾದರೆ ಅವನ ಅವ್ವ ಚೌಡಮ್ಮನಿಂದ ಶುರು ಮಾಡಬೇಕು.

ಸಿದ್ದಾಪುರದಿಂದ ಮನ್ಮನೆಯ ಕಡೆ ಹೋಗುವಾಗ ಗದ್ದೆಬಯಲಿನ ಅಂಚಿಗೆ ಸಿಗುವ ಹತ್ತಿಪ್ಪತ್ತು ಮನೆಗಳಲ್ಲಿ ಅವರದೊಂದು. ಚೌಡಮ್ಮ ಬಲೆ ಬೀಸಿದವಳಲ್ಲ, ಗಾಳ ಹಾಕಿದವಳಲ್ಲ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ ಕೆಸರಿಗಿಳಿದು, ದಂಡೆಯ ಬಿಲಕ್ಕೆ ಭುಜದವರೆಗೆ ಕೈ ಹಾಕಿ ಮುರುಗೋಡು ಮೀನು ಹಿಡಿಯುತ್ತಿದ್ದಳು. ಮುರುಗೋಡಿಗೆ ಹುರುಪೆಯಿಲ್ಲ, ಮೈಯೆಲ್ಲ ಲೋಳೆ. ಬಾಯಿಯ ಸುತ್ತ ಬೆಕ್ಕಿನಂತೆ ಮೀಸೆ, ಕಿವಿರಿನ ಪಕ್ಕ ಎರಡು ಮುಳ್ಳು. ಅವಸರ ಮಾಡಿ ಹಿಡಿದವನಿಗೆ ಲೋಳೆ ಮಾತ್ರ ಸಿಗುತ್ತದೆ. ಅಂಗೈಯನ್ನು ಅದರ ಹೊಟ್ಟೆಯ ಕೆಳಗೆ ನೂಕಿ, ಮೆಲ್ಲಗೆ ಸವರುತ್ತ, ಅದು ಸುಮ್ಮನಾದ ಮೇಲೆ ಎರಡು ಬೆರಳನ್ನು ಮುಳ್ಳಿನ ಹಿಂದೆ ಸಿಕ್ಕಿಸಿ ಎತ್ತಬೇಕು. "ಹೊಟ್ಟೆ ಸವರಿ ನಿದ್ದೆ ಬರ್ಸಾ, ತೊಟ್ಲು ತೂಗಿದಾಂಗೆ" ಎನ್ನುತ್ತಿದ್ದಳು.

ಮಗನಿಗೆ ಅವಳು ಕಲಿಸಿದ್ದು ಜಗುಲಿಯ ಮೇಲೆ, ಒಂದು ಮಡಕೆಯಲ್ಲಿ. ರಾಡಿ ನೀರಿಗೆ ಕಪ್ಪೆ, ಕಲ್ಲು, ಕಚ್ಚದ ಹಾಗೆ ಕೊಂಬು ಕಟ್ಟಿದ ಏಡಿ, ಮರದ ಬೇರು, ಸಣ್ಣದೊಂದು ಮುರುಗೋಡು ಹಾಕಿ, ಅವನ ಕಣ್ಣು ಮುಚ್ಚಿಸಿ, "ಇದೆಂತ? ಈಗ ಹಿಡದದ್ದೆಂತ?" ಎಂದು ಕೇಳುವುದು. ಕೆರಿಯ ಕಳ್ಳಗಣ್ಣು ಬಿಟ್ಟರೆ ಬೆನ್ನಿಗೆ ಒದ್ದೆ ಕೈಯ ಏಟು. "ಬಿಲದೊಳಗೆ ನಿಂಗೆ ಯಾರಾ ಟಾರ್ಚ್ ಹಿಡೀತಾರೆ?" ಹನ್ನೆರಡನೆಯ ವಯಸ್ಸಿಗೆ ಅವನ ಬೆರಳು ನೀರುಹಾವು ಯಾವುದು, ಹಾವುಮೀನು ಯಾವುದು ಎಂದು ಮುಟ್ಟಿದ ಕೂಡಲೇ ಹೇಳುತ್ತಿತ್ತು. ಬಿಲದಲ್ಲಿ ಎಷ್ಟು ಮೀನಿವೆ, ಯಾವುದರ ಹೊಟ್ಟೆಯಲ್ಲಿ ತತ್ತಿಯಿದೆ ಎನ್ನುವುದೂ ತಿಳಿಯುತ್ತಿತ್ತು. ತತ್ತಿಯಿದ್ದದ್ದನ್ನು ಬಿಟ್ಟು ಬರುತ್ತಿದ್ದ.

ನಮ್ಮೂರಿನ ದೊಡ್ಡಕೆರೆ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ನೀರು ಸೊಂಟಕ್ಕಿಳಿದಾಗ, ಬೇಟೆಗೆ ತೆರೆಯುತ್ತದೆ. ಸುತ್ತಿನ ಹಳ್ಳಿಗಳಿಂದ ಮುನ್ನೂರು ನಾನೂರು ಜನ ಕೂಣಿ ಹಿಡಿದು ಏರಿಯ ಮೇಲೆ ಸಾಲುಗಟ್ಟುತ್ತಾರೆ. ಕೂಣಿಯೆಂದರೆ ತಳವಿಲ್ಲದ ಬಿದಿರಿನ ಬುಟ್ಟಿ. ಕೆಸರಿಗೆ ಕುಕ್ಕಿ, ಒಳಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವುದು. ಆದರೆ ಅದಕ್ಕೆ ಮುಂಚೆ ಒಬ್ಬನೇ ಒಬ್ಬ ಬರಿಗೈಯಲ್ಲಿ ಇಳಿಯಬೇಕು. ಹಳೆಯ ಕಲ್ಲುತೂಬಿನ ಪೊಟರೆಯಿಂದ ಒಂದು ಮುರುಗೋಡು ತಂದು ಭೂತಪ್ಪನ ಕಲ್ಲಿನ ಮುಂದಿಡಬೇಕು. ಅವನಿಗೆ ಮೀನು ಸಿಗದಿದ್ದರೆ ಆ ವರ್ಷ ಕೆರೆ ಯಾರಿಗೂ ಇಲ್ಲ. ಆ ಹಕ್ಕು ಚೌಡಮ್ಮನ ತವರಿನದು. ಅವಳ ಅಣ್ಣನ ನಂತರ ಕೆರಿಯನಿಗೆ ಬಂತು. ಮೂವತ್ತೊಂದು ವರ್ಷ ಅವನು ಇಳಿದ, ಮೂವತ್ತೊಂದು ಮೀನು ತಂದ. ಎರಡೆಕರೆ ಗದ್ದೆಯ ಕೆರಿಯ ನಾಯ್ಕನನ್ನು ಹೊರಗಿನವರು ಗುರುತಿಸುತ್ತಿದ್ದುದು ಅದೊಂದರಿಂದ.

ಕೆರೆಗೆ ಬರಿಗೈ ಹಾಕುವವನಿಗೆ ಹೆದರಿಕೆ ಚೇಳುಮೀನಿನದು. ಮುರುಗೋಡಿನ ಬಳಗದ್ದೇ, ಗೇಣುದ್ದ, ಕೆಂಪುಗಪ್ಪು ಬಣ್ಣ. ಅದರ ಮುಳ್ಳು ಚುಚ್ಚಿದರೆ ಎಂಥ ಗಟ್ಟಿ ಗಂಡಸೂ ಏರಿಯ ಮೇಲೆ ಹೊರಳಾಡುತ್ತಾನೆ. ಕೆರಿಯನೂ ಹೊರಳಾಡಿದವನೇ, ಸಣ್ಣಂದಿನಿಂದ ಪ್ರತಿವರ್ಷ. ಐದು ವರ್ಷದ ಹಿಂದೆ, ಬೇಟೆಯ ದಿನವೇ, ಒಂದು ಚೇಳುಮೀನು ಅವನ ಪಾದಕ್ಕೆ ಹೊಡೆಯಿತು. ನೋಡಿದವರು ಅಯ್ಯೋ ಎಂದರು. ಕೆರಿಯ ಬಗ್ಗಿ, ಪಾದದಲ್ಲಿ ಮುರಿದು ನಿಂತಿದ್ದ ಮುಳ್ಳನ್ನು ಕಿತ್ತು ಎಸೆದು, ನಡೆದು ಬಂದ.

"ನೋಯುದಿಲ್ವನಾ ಕೆರಿಯಣ್ಣಾ?" ಎಂದು ಕೇಳಿದವನು ಉದಯ. ಹಾಲಿನ ಡೈರಿಯ ಕಾರ್ಯದರ್ಶಿ, ಕೆರೆ ಸಮಿತಿಗೂ ಅವನೇ ಮುಖ್ಯಸ್ಥ.

"ಇಲ್ಲ" ಎಂದ ಕೆರಿಯ, ತಾನೇ ಬೆರಗಾಗಿ.

ಹಾನಗಲ್ಲಿನಿಂದ ಮೀನು ಕೊಳ್ಳಲು ಬರುವ ಶಿವಲಿಂಗಪ್ಪ ಅಲ್ಲೇ ಇದ್ದ. "ಏನ್ರೀ ನಾಯ್ಕರ, ಕಟ್ಟಿಗಿ ಕಾಲೇನ್ರೀ? ನನಗ ಹೊಡದಿದ್ರ ನನ್ನ ಕೂಗು ಹಾನಗಲ್ಲಿಗೆ ಕೇಳ್ತಿತ್ತು!"

"ನಲ್ವತ್ತು ವರ್ಷ ಹೊಡಸ್ಕಂಡೀನಲ್ಲ ಮಾರಾಯಾ, ಭೂತಪ್ಪ ರಜೆ ಕೊಟ್ಟಾನೆ."

ತಮಾಷೆಗೆ ಹೇಳಿದ ಮಾತು. ಆದರೆ ಸಂಜೆಯೊಳಗೆ ಅದು ಊರಲ್ಲಿ ತಮಾಷೆಯಾಗಿ ಉಳಿದಿರಲಿಲ್ಲ. ಮರುವರ್ಷ ಉದಯ ಬಕೆಟ್ಟಿನಲ್ಲಿ ಚೇಳುಮೀನು ಹಾಕಿಟ್ಟು ಮೊಬೈಲ್ ಹಿಡಿದು ನಿಂತ. ಆ ಹೊತ್ತಿಗೆ ಕೈಗೂ ನೋವು ತಿಳಿಯುತ್ತಿರಲಿಲ್ಲ. ಕೆರಿಯ ಬಕೆಟ್ಟಿಗೆ ಕೈ ಹಾಕಿದ, ಮೀನು ಹೊಡೆಯಿತು, ಅವನು ನಕ್ಕ. "ಇನ್ನೊಂದ್ಸಲ ಕೆರಿಯಣ್ಣಾ, ವಿಡಿಯೋ ಅಲ್ಲಾಡಿ ಹೋತು" ಎಂದಾಗ ಇನ್ನೊಮ್ಮೆ ಹಾಕಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸಿರ್ಸಿಯಿಂದ, ಯಲ್ಲಾಪುರದಿಂದ ಜನ ಆ ಕೈ ನೋಡಲು ಬಂದರು. ಮಕ್ಕಳ ತಲೆಯ ಮೇಲೆ ಅದನ್ನು ಇಡಿಸಿಕೊಂಡು ಹೋದವರೂ ಇದ್ದರು. ಕೆರಿಯ ಬಡಾಯಿಯವನಲ್ಲ. ಆದರೂ ಹಾಗೆ ಕೈ ಇಡುವಾಗ ಅವನ ಮುಖದಲ್ಲಿ ಒಂದು ಗಾಂಭೀರ್ಯ ಬರುತ್ತಿತ್ತು. ಅವನು ನಂಬಿದ್ದ.

ನಂಬದಿದ್ದವಳು ಹೆಂಡತಿ ರಾಜೀವಿ. ಒಂದು ದಿನ ಗಂಡ ಡೈರಿಯಿಂದ ಬಂದು ಜಗುಲಿ ಹತ್ತುವಾಗ ಕೇಳಿದಳು: "ಹೋಯ್, ಇನ್ನೊಂದು ಚಪ್ಲಿ ಎಲ್ಲಿ?" ಕೆರಿಯ ಬಗ್ಗಿ ನೋಡಿಕೊಂಡ. ಎಡಗಾಲು ಬರಿದಾಗಿತ್ತು. ಚಪ್ಪಲಿ ಅರ್ಧ ಮೈಲಿ ಹಿಂದೆ, ಮೋರಿಯ ಹತ್ತಿರ ಬಿದ್ದಿತ್ತು. ಇನ್ನೊಂದು ದಿನ ಅವಳು ಒಲೆಗೆ ಬೆನ್ನು ಹಾಕಿ ಕಾಯಿ ತುರಿಯುತ್ತಿದ್ದಾಗ ಮಾಂಸ ಸುಟ್ಟ ವಾಸನೆ ಬಂತು. ತಿರುಗಿದರೆ ಗಂಡ ಕುದಿಯುವ ತಪ್ಪಲೆಯನ್ನು ಬರಿಗೈಯಲ್ಲಿ ಇಳಿಸುತ್ತ, ಅವಳ ತಂಗಿಯ ಮಗಳ ಮದುವೆಯ ವಿಷಯ ಮಾತಾಡುತ್ತಿದ್ದ.

"ಇದು ದೇವ್ರ ಕೆಲಸ ಅಲ್ಲ" ಎಂದಳು ಅವಳು, ಬೆರಳಿಗೆ ಎಣ್ಣೆ ಹಚ್ಚುತ್ತ.

"ನಿಂಗೆಂತ ಗೊತ್ತು ದೇವ್ರ ಕೆಲಸ?"

"ದೇವ್ರು ಬೆರಳು ಸುಡುದಿಲ್ಲ."

ಆಗ ಅವಳಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಈ ಜನವರಿಯಲ್ಲಿ ಕೆರಿಯ ಒಬ್ಬನೇ ವರದಾ ಹೊಳೆಗೆ ಹೋಗಿ, ಮತ್ತಿಮರದ ಬುಡದ ಬಿಲಕ್ಕೆ ಕೈ ಹಾಕಿದ್ದ. ಏನೋ ಅಡ್ಡ ಬಂತು. ದೊಡ್ಡ ಮುರುಗೋಡು ಎಂದುಕೊಂಡು ಹೊಟ್ಟೆ ಸವರತೊಡಗಿದ. ಎಷ್ಟು ಹೊತ್ತಾದರೂ ಅದು ಮಿಸುಕಲಿಲ್ಲ. ಒಳ್ಳೆ ನಿದ್ದೆ ಬಂದಿದೆ ಎಂದು ಎರಡು ಬೆರಳು ಸಿಕ್ಕಿಸಿ ಎಳೆದಾಗ ತಿಳಿಯಿತು, ಅದು ಮರದ ಬೇರು. ಬೇರಿನ ಹೊಟ್ಟೆ ಸವರಿ ನಿದ್ದೆ ಬರಿಸುತ್ತ ಕೂತಿದ್ದ. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣು ಹಾಯಿಸಿದ. ಆಚೆ ದಂಡೆಯಲ್ಲಿ ಎಮ್ಮೆಗಳು ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೆ ಅವನು ಬೆರಳನ್ನು ನಂಬಲಿಲ್ಲ. ಮಣಿಕಟ್ಟಿನ ಮೇಲೆ, ಮುಂಗೈಯ ಒಳಮಗ್ಗುಲಲ್ಲಿ ಇನ್ನೂ ಸ್ವಲ್ಪ ತಿಳಿಯುತ್ತಿತ್ತು; ಅದನ್ನೇ ಬಿಲದೊಳಗೆ ಉಜ್ಜಿ ಮೀನು ಹುಡುಕುವುದನ್ನು ಕದ್ದು ಕದ್ದು ಅಭ್ಯಾಸ ಮಾಡಿದ. ಹತ್ತರಲ್ಲಿ ಒಂದು ಸಿಗುತ್ತಿತ್ತು.

ಮಾರ್ಚಿನಲ್ಲಿ ಕಾಲಿಗೆ ಎದ್ದ ಹುಣ್ಣೊಂದು ಮಾಯದೆ ಹೋದಾಗ ರಾಜೀವಿ ಅವನನ್ನು ಸಿದ್ದಾಪುರಕ್ಕೆ ಎಳೆದುಕೊಂಡು ಹೋದಳು. ಡಾಕ್ಟರು ರಕ್ತ ನೋಡಿದರು, ಆಮೇಲೆ ಕಣ್ಣು ಮುಚ್ಚಿ ಕೈ ಚಾಚಲು ಹೇಳಿದರು. ಚುಚ್ಚಿದ್ದು ಗೊತ್ತಾದಾಗ ಹೇಳಬೇಕು. ಕೆರಿಯ ಕಣ್ಣು ಮುಚ್ಚಿ ಕೂತ. ಬಹಳ ಹೊತ್ತಾಯಿತು.

"ಇನ್ನೂ ಶುರು ಮಾಡ್ಲಿಲ್ವನ್ರಾ ಡಾಕ್ಟ್ರೇ?"

"ಮುಗೀತು" ಎಂದರು ಅವರು. ಅಂಗೈಯಲ್ಲಿ ಹನ್ನೊಂದು ಕೆಂಪು ಚುಕ್ಕೆಗಳಿದ್ದವು.

ಸಕ್ಕರೆ ಕಾಯಿಲೆ, ಏಳೆಂಟು ವರ್ಷದ್ದಾದರೂ ಇರಬೇಕು. ಮೊದಲು ಕಾಲಿನ ನರ ಸತ್ತಿದೆ, ಈಗ ಕೈಯದು ಎಂದು ಬಿಡಿಸಿ ಹೇಳಿದರು. "ವಾಪಸ್ ಬತ್ತದ?" ಎಂದ ಕೆರಿಯ. "ಹೋದದ್ದು ಬರೋದಿಲ್ಲ. ಗಾಯ ಆಗದ ಹಾಗೆ ನೋಡ್ಕೊಳ್ಳಿ. ಕೆಸರಿಗೆ ಬರಿಗೈ ಹಾಕ್ಲೇಬೇಡಿ."

ವಾಪಸು ಬರುವ ಬಸ್ಸಿನಲ್ಲಿ ಅವನು ಹೇಳಿದ: "ಯಾರಿಗೂ ಹೇಳ್ಬೇಡ."

"ಎಂತಕ್ಕೆ? ಕಳ್ಳತನ ಮಾಡೀರಾ?"

"ಐದು ವರ್ಷ ಭೂತಪ್ಪನ ಹೆಸರು ಹೇಳ್ದೆ. ಮಕ್ಳ ತಲೆ ಮೇಲೆ ಕೈ ಇಟ್ಟೆ." ಕಿಟಕಿಯ ಕಡೆ ತಿರುಗಿ ಅಂದ: "ಈ ವರ್ಷ ಒಂದು ಇಳೀತೆ. ಆಮೇಲೆ ಬಿಟ್ಬಿಡ್ತೆ."

"ಇಳೀಬೇಡಿ."

"ನಾ ಇಳೀದಿದ್ರೆ ಕೆರೆ ತೆರೆಯುದಿಲ್ಲ, ರಾಜೀವಿ."

"ಮುಚ್ಕಂಡಿರ್ಲಿ!" ಎಂದಳು ಅವಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಅವನು ಮಾತ್ರೆ ನುಂಗಿದ, ಬೆಲ್ಲದ ಚಹಾ ಬಿಟ್ಟ. ಆದರೆ ಮೇ ತಿಂಗಳ ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಲುಂಗಿ ಎತ್ತಿ ಕಟ್ಟಿ, ನಾನೂರು ಜನರ ಎದುರು ನೀರಿಗಿಳಿದ. ತೂಬಿನ ಕಲ್ಲಿಗೆ ಕೆನ್ನೆ ಒತ್ತಿ, ಪೊಟರೆಗೆ ಭುಜದವರೆಗೆ ಕೈ ತೂರಿಸಿದ. ಏರಿಯ ಮೇಲೆ ಟವೆಲು ಹಿಡಿದು ನಿಂತ ರಾಜೀವಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಬೇರೆ ವರ್ಷಗಳಲ್ಲಿ ಎಲೆಯಡಿಕೆ ಹಾಕಿ ಮುಗಿಸುವಷ್ಟರಲ್ಲಿ ಮೀನು ಮೇಲೆ ಬರುತ್ತಿತ್ತು. ಈ ಸಲ ಕಾಲು ಗಂಟೆಯಾಯಿತು. ಕೊನೆಗೆ ಕೆರಿಯ ಕೈ ಹೊರತೆಗೆದು ನೋಡಿದ. ಮುಷ್ಟಿ ಬಿಗಿಯಾಗಿತ್ತು, ಒಳಗೆ ಕೆಸರು.

ಅವನು ದಂಡೆಗೆ ಬಂದ. ಉದಯ ಓಡಿ ಬಂದ. ಆಗ ಕೆರಿಯ ನಿಜ ಹೇಳಿದ. ಮೆಲ್ಲಗಲ್ಲ, ಹತ್ತಿರ ನಿಂತವರಿಗೆಲ್ಲ ಕೇಳುವ ಹಾಗೆ. "ನಂಗೆ ಸಕ್ರೆ ಕಾಯ್ಲೆ ಕಣಾ. ಕೈ ಸತ್ತೋಗಿದೆ. ಚೇಳುಮೀನು ಹೊಡೆದ್ರೆ ನೋಯದೆ ಇದ್ದದ್ದು ಅದ್ಕೆ. ಮೀನು ಮುಟ್ಟಿದ್ರೂ ಗೊತ್ತಾಗುದಿಲ್ಲ."

ಉದಯ ನಕ್ಕ. "ಸಕ್ರೆ ಕಾಯ್ಲೆ ನಮ್ಮ ಅಪ್ಪಂಗೂ ಇದೆ. ಇರುವೆ ಕಚ್ಚಿದ್ರೆ ಮನೆ ಹಾರಿ ಹೋಗೋ ಹಾಂಗೆ ಕೂಗ್ತಾನೆ! ಹೆದರ್ಕಂಡು ಎಂತೆಂತದೋ ಹೇಳ್ಬೇಡ ಕೆರಿಯಣ್ಣಾ. ನಿನ್ ಕೈ ನಮಗೆ ಗೊತ್ತಿಲ್ವನಾ?"

"ದೂರದಿಂದ ಬಂದೀವ್ರಿ ನಾಯ್ಕರ, ಇನ್ನೊಂದು ಸರ್ತಿ ನೋಡ್ರಿ" ಎಂದ ಶಿವಲಿಂಗಪ್ಪ. ಯಾರೋ ಭೂತಪ್ಪನಿಗೆ ಕಾಯಿ ಒಡೆದರು. ನಾನೂರು ಕೂಣಿಗಳು ಕಾಯುತ್ತಿದ್ದವು. ಕೆರಿಯ ರಾಜೀವಿ ನಿಂತಲ್ಲಿಗೆ ಒಮ್ಮೆ ನೋಡಿ, ಮತ್ತೆ ಇಳಿದ.

ಎರಡನೆಯ ಸಲ ಅವನು ಪೊಟರೆಗೆ ಎರಡೂ ಕೈ ಹಾಕಿದ. ಎಡ ಮುಂಗೈಗೆ ಏನೋ ಹೊರಳಿದ್ದು ತಿಳಿಯಿತು. ಸವರಲಿಲ್ಲ, ನಿದ್ದೆ ಬರಿಸಲಿಲ್ಲ. ಅದು ಎಲ್ಲಿದೆಯೆಂದು ಮುಂಗೈ ಹೇಳಿತೋ ಅಲ್ಲಿ ಬಲಗೈಯ ಮುಷ್ಟಿಯನ್ನು ಮೈಯ ಬಲವೆಲ್ಲ ಹಾಕಿ ಬಿಗಿದು ಎಳೆದ. ಮೊಣಕೈಯಷ್ಟು ಉದ್ದದ ಮುರುಗೋಡು. ತಲೆಯ ಮೇಲೆತ್ತಿ ಹಿಡಿದಾಗ ಕೆರೆಯ ಸುತ್ತ ಎದ್ದ ಕೂಗಿಗೆ ಕೊಕ್ಕರೆಗಳೆಲ್ಲ ಹಾರಿದವು. ಅವನೂ ನಗುತ್ತಿದ್ದ. ಮುಂಗೈಗೆ ಬಿಸಿಯಾಗಿ ಏನೋ ಇಳಿದಂತಾಗಿ ತಲೆಯೆತ್ತಿ ನೋಡಿದ. ಮೀನಿನ ಮುಳ್ಳು ಹೆಬ್ಬೆರಳಿನ ಬುಡದಲ್ಲಿ ಹೊಕ್ಕು ಕೈಯ ಹಿಂಬದಿಗೆ ಹೊರಬಂದಿತ್ತು. ರಕ್ತ ಮಣಿಕಟ್ಟು ದಾಟುವವರೆಗೆ ಅವನಿಗೆ ತಿಳಿದಿರಲಿಲ್ಲ.

ಜನ ಅದನ್ನೂ ಕಂಡು ಇನ್ನಷ್ಟು ಜೋರಾಗಿ ಕೂಗಿದರು. ಆಮೇಲೆ ಕೂಣಿ ಹಿಡಿದು ಕೆರೆಗೆ ಬಿದ್ದರು.

ರಾಜೀವಿ ಅವತ್ತೇ ಆಸ್ಪತ್ರೆಗೆ ಹೋಗೋಣ ಎಂದಳು. ನೋವಿಲ್ಲದ ಗಾಯ, ಕೆರಿಯ ಅರಿಸಿನ ಹಚ್ಚಿ ಬಟ್ಟೆ ಸುತ್ತಿಕೊಂಡ. "ನಾಳೆ" ಎಂದ, ಮರುದಿನವೂ "ನಾಳೆ" ಎಂದ. ಡಾಕ್ಟರ ಮಾತು ಕೇಳದೆ ಕೆರೆಗಿಳಿದವನಿಗೆ ಅದೇ ಕೈಯನ್ನು ಅವರ ಮುಂದೆ ಚಾಚಲು ನಾಚಿಕೆಯಿತ್ತು. ನಾಲ್ಕನೆಯ ದಿನ ಜ್ವರದಲ್ಲಿ ಬಡಬಡಿಸತೊಡಗಿದಾಗ ಬಟ್ಟೆ ಬಿಚ್ಚಿದರು. ಮಣಿಕಟ್ಟಿನವರೆಗೆ ಕೈ ಕಪ್ಪಾಗಿತ್ತು. ಉದಯನೇ ಕಾರು ತಂದ. ಸಿದ್ದಾಪುರದವರು ನೋಡಿದವರೇ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿಯವರೆಗೂ ಉದಯನೇ ಕರೆದೊಯ್ದ.

ಹುಬ್ಬಳ್ಳಿಯಲ್ಲಿ ಮೊಣಕೈಯ ಮೇಲೆ ಕತ್ತರಿಸಿದರು. ನಂಜು ಅಷ್ಟರಲ್ಲೇ ಮೈಗೇರಿತ್ತು. ಮೂರನೆಯ ದಿನ ಕೆರಿಯ ಹೋದ.

ಕತ್ತರಿಸುವ ಹಿಂದಿನ ದಿನ, ನೋಡಲು ಬಂದವರನ್ನು ಒಳಗೆ ಬಿಡುವ ನಾಲ್ಕು ಗಂಟೆಯ ಹೊತ್ತಿಗೆ, ಅವನಿಗೆ ಪೂರ್ತಿ ಎಚ್ಚರವಿತ್ತು. ಇದನ್ನು ರಾಜೀವಿ ಹೇಳಿದ್ದು ತಿಂಗಳು ಕಳೆದ ಮೇಲೆ. ಹೋಗುವುದು ಬಲಗೈ ತಾನೇ, ಎಡಗೈ ಇದೆಯಲ್ಲ, ಅದಕ್ಕೇ ಕಲಿಸಿದರಾಯಿತು ಎಂದನಂತೆ. ಅವ್ವ ಮಾಡಿದ ಹಾಗೆ ಪರೀಕ್ಷೆ ಮಾಡು ಎಂದು ಕಣ್ಣು ಮುಚ್ಚಿ ಎಡಗೈ ಚಾಚಿದ. ರಾಜೀವಿ ಪಕ್ಕದ ಮೇಜಿನ ಮೇಲಿದ್ದ ಕಿತ್ತಳೆಹಣ್ಣನ್ನು ಇಟ್ಟಳು.

"ಕಲ್ಲು" ಎಂದ.

ಅವಳು ಹಣ್ಣು ತೆಗೆದಳು. ಇನ್ನೇನಿಡುವುದೆಂದು ತೋಚಲಿಲ್ಲ. ತನ್ನ ಕೈಯನ್ನೇ ಅವನ ಅಂಗೈಯೊಳಗೆ ಮೆಲ್ಲಗೆ ಇಟ್ಟಳು.

"ಇದೆಂತ?"

ಕೆರಿಯ ಬಹಳ ಹೊತ್ತು ಯೋಚಿಸಿದ. ಕಳ್ಳಗಣ್ಣು ಬಿಡಲಿಲ್ಲ.

"ಎಂತದೂ ಇಲ್ಲ" ಎಂದ.

"ಸರಿ" ಎಂದಳು ರಾಜೀವಿ. "ಎಂತದೂ ಇಟ್ಟಿರ್ಲಿಲ್ಲ."

"ನೋಡ್ದ್ಯಾ?" ಎಂದು ಅವನು ನಕ್ಕ. ಅವಳು ಕೈ ತೆಗೆಯಲಿಲ್ಲ.